ರಸೀದಿಯಲ್ಲಿ ಇದೆ, ಲೈಬ್ರರಿಯಲ್ಲಿ ಇಲ್ಲ!

ಗಲ್ಲಾಪೆಟ್ಟಿಗೆಯಲ್ಲಿ ಕಂದಾಯದ ರಸೀದಿ ಮಡಿಚಿಟ್ಟಿದ್ದರೆ ಒಮ್ಮೆ ಬಿಡಿಸಿ ನೋಡಿ. ಆಸ್ತಿ ತೆರಿಗೆಯ ಜೊತೆ ಆರೋಗ್ಯ ಕರ ನೂರಕ್ಕೆ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3 ಸೇರಿರುತ್ತೆ. ಎರಡು ಸಾವಿರ ತೆರಿಗೆ ಕಟ್ಟುವ ಅಂಗಡಿಯವರು ಲೈಬ್ರರಿ ಹೆಸರಲ್ಲಿ 120 ರೂಪಾಯಿ ಕೊಟ್ಟ ಹಾಗಾಯ್ತು. ಒಂದು ದಿನವೂ ಅದರೊಳಗೆ ಕಾಲಿಡದವರೂ ಕೊಟ್ಟಿದ್ದಾರೆ.

ಇದು ನಿನ್ನೆ ಮೊನ್ನೆಯ ಕರ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲೇ ಇದೆ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಮೊದಲು ರೂಪಾಯಿಗೆ 3 ಪೈಸೆ, ಆಮೇಲೆ 6 ಆಯ್ತು. ಆಕ್ಟ್ರಾಯ್ ಮೇಲೂ ಹಾಕುತ್ತಿದ್ದರು. ಊರ ಬಾಗಿಲಲ್ಲಿ ಲಾರಿ ನಿಲ್ಲಿಸಿ ಸುಂಕ ಕಟ್ಟಿದ್ದು ಹಳೇ ವರ್ತಕರಿಗೆ ನೆನಪಿರಬಹುದು. 1979ರಲ್ಲಿ ಆಕ್ಟ್ರಾಯ್ ಹೋಯ್ತು, ಲೈಬ್ರರಿಗೆ ಆ ಬಾಬ್ತೂ ಹೋಯ್ತು. ಈಗ ದೊಡ್ಡ ಆಸರೆ ಮನೆ-ಅಂಗಡಿ ತೆರಿಗೆಯೇ.

ಮುಖ್ಯ ಮಾತು ಇಲ್ಲಿದೆ. ಈ ದುಡ್ಡು ನಗರಸಭೆಯದಲ್ಲ. ವಸೂಲಿ ಮಾತ್ರ ಅವರದು. ವಸೂಲಾದದ್ದು ಗ್ರಂಥಾಲಯ ಪ್ರಾಧಿಕಾರದ ನಿಧಿಗೆ ಸೇರಬೇಕು. ಕಾಯಂ ನೌಕರರ ಸಂಬಳ ಸರ್ಕಾರದ್ದು. ಪುಸ್ತಕ, ಪತ್ರಿಕೆ, ಕಟ್ಟಡದ ಬಾಡಿಗೆ, ಕರೆಂಟ್ ಬಿಲ್ಲು ನಡೆಯಬೇಕಾದ್ದು ಈ ನಿಧಿಯಿಂದ. ವರ್ಷಕ್ಕೆ ಇಷ್ಟು ಬರುತ್ತೆ ಅಂತ ಪ್ರಾಧಿಕಾರದವರು ಬಜೆಟ್ ಬರೆಯುತ್ತಾರೆ. ದುಡ್ಡು ನಗರಸಭೆ ಖಾತೆಯಲ್ಲೇ ಕೂತರೆ ಆ ಬಜೆಟ್ಟು ಬರೀ ಕಾಗದ. ಬೀದಿದೀಪಕ್ಕೋ ಗುತ್ತಿಗೆದಾರರ ಬಿಲ್ಲಿಗೋ ತಿರುಗಿಸಿದರೆ ಕೇಳುವವರು ಯಾರು?

ಬೆಂಗಳೂರಿನ ಸಂಗತಿ ಎಲ್ಲರಿಗೂ ಗೊತ್ತು. 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯುವ ಮುಂಚೆ ಬಿಬಿಎಂಪಿ ಉಳಿಸಿಕೊಂಡಿದ್ದ ಗ್ರಂಥಾಲಯ ಕರದ ಬಾಕಿ ನೂರಾರು ಕೋಟಿ ಅಂತ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿತ್ತು. ಇನ್ನೊಂದು ತಮಾಷೆ ನೋಡಿ: ಕಾಯ್ದೆಯಲ್ಲಿ ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಮೇಯರೇ ಅಧ್ಯಕ್ಷರು. ಸಾಲ ಕೊಡಬೇಕಾದವರೂ ಅವರೇ, ವಸೂಲಿಗೆ ಹೋಗಬೇಕಾದವರೂ ಅವರೇ!

ಹಳ್ಳಿಯ ಲೈಬ್ರರಿಗಳು 2019ರಲ್ಲೇ ಪಂಚಾಯತ್ ರಾಜ್ ಇಲಾಖೆಗೆ ಹೋದವು. ಅವುಗಳ ಕಥೆ ಬೇರೆ.

ದುಡ್ಡು ಬಾರದಿದ್ದಾಗ ಮೊದಲು ಕತ್ತರಿ ಬೀಳುವುದು ಪತ್ರಿಕೆಗೆ. ಬಸ್ಸು ತಡವಾದಾಗ ಒಳಹೊಕ್ಕು ಪೇಪರ್ ತಿರುವುವ ಪ್ರಯಾಣಿಕರಿಗೆ, ನೌಕರಿ ಜಾಹೀರಾತು ನೋಡುವ ಹುಡುಗರಿಗೆ ಅದು ತಕ್ಷಣ ಗೊತ್ತಾಗುತ್ತೆ. ಹೊಸ ಪುಸ್ತಕ ಬಾರದಿದ್ದರೆ ವರ್ಷ ಕಳೆದರೂ ಯಾರಿಗೂ ಗೊತ್ತಾಗದು.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ನಮ್ಮ ನಗರಸಭೆಗೆ ಕೇಳಬೇಕಾದ ಪ್ರಶ್ನೆ ಎರಡೇ: ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯ್ತು? ಅದರಲ್ಲಿ ಎಷ್ಟು, ಯಾವ ತಾರೀಖು ಗ್ರಂಥಾಲಯಕ್ಕೆ ಸಂದಾಯವಾಯ್ತು?