ಹೊಸ ದಾದಿಯ ಮೊದಲನೆಯ ಉದ್ಯೋಗ

ನಮ್ಮ ದೇಶದಲ್ಲಿ ದಾದಿಯರ ಕೊರತೆಯೆಂಬುದು ಹೊಸ ಮಾತಲ್ಲ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಆರೋಗ್ಯ ಸಮಿತಿಯು ೧೯೪೬ರಲ್ಲಿ ವರದಿಯನ್ನು ಒಪ್ಪಿಸಿದಾಗ ದೇಶದಲ್ಲಿದ್ದ ದಾದಿಯರು ಸುಮಾರು ೭,೦೦೦ ಮಂದಿ. ಎಂದರೆ ೪೩,೦೦೦ ಜನರಿಗೆ ಒಬ್ಬಳು. ಅಂದಿನಿಂದ ಮುಕ್ಕಾಲು ಶತಮಾನವೇ ಸಂದಿದೆ. ನರ್ಸಿಂಗ್ ಕಾಲೇಜುಗಳು ಊರೂರಿಗೆ ಹಬ್ಬಿವೆ. ಕನ್ನಡ ನಾಡಂತೂ ಕೇರಳವೇ ಮೊದಲಾದ ನೆರೆಯ ನಾಡುಗಳ ವಿದ್ಯಾರ್ಥಿಗಳನ್ನೂ ಬರಮಾಡಿಕೊಂಡು ಕಲಿಸುತ್ತಿರುವುದು. ಹೀಗಿದ್ದರೂ ೨೦೨೩ರಲ್ಲಿ ಜಗತ್ತಿಗೆ ೫೮ ಲಕ್ಷ ದಾದಿಯರು ಕಡಮೆಯಾಗಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ೨೦೨೫ರ ವರದಿಯಲ್ಲಿ ತಿಳಿಸಿದೆ. ಇಷ್ಟೊಂದು ಬೇಡಿಕೆಯಿರುವಲ್ಲಿ ಪದವಿ ಪಡೆದು ಹೊರಬಿದ್ದವಳಿಗೆ ಕೆಲಸವು ಮನೆಯ ಬಾಗಿಲಿಗೇ ಬರಬೇಕಷ್ಟೆ? ಆದರೆ ಬರುವುದಿಲ್ಲ; ಬಂದರೂ ಮರ್ಯಾದೆಯಿಂದ ಬರುವುದಿಲ್ಲ. ಈ ವೈಚಿತ್ರ್ಯದ ಕಾರಣವನ್ನು ವಿಚಾರವಂತರು ಯೋಚಿಸತಕ್ಕದ್ದಾಗಿದೆ.

ದಾದಿಯಾಗುವ ದಾರಿ ಸುಲಭವಾದುದಲ್ಲ. ಪದವಿಗೆ ೪ ವರ್ಷ, ಡಿಪ್ಲೊಮಾಕ್ಕೆ ೩ ವರ್ಷ. ಇದರೊಳಗೆ ಆಸ್ಪತ್ರೆಯ ವಾರ್ಡು, ಹೆರಿಗೆಯ ಕೋಣೆ, ಹಳ್ಳಿಯ ಆರೋಗ್ಯಕೇಂದ್ರಗಳಲ್ಲಿ ದುಡಿದು ಕಲಿಯತಕ್ಕ ಪಾಠವೂ ಸೇರಿರುವುದು. ಪರೀಕ್ಷೆಯಲ್ಲಿ ತೇರ್ಗಡೆಯಾದ ಬಳಿಕ ರಾಜ್ಯದ ನರ್ಸಿಂಗ್ ಪರಿಷತ್ತಿನ ದಾಖಲೆಯಲ್ಲಿ ಹೆಸರು ಏರಿದಲ್ಲದೆ ಕೆಲಸಕ್ಕೆ ಅಧಿಕಾರವಿಲ್ಲ. ಇಷ್ಟನ್ನೂ ಮುಗಿಸಿ ಅರ್ಜಿ ಹಿಡಿದು ಹೊರಟವಳಿಗೆ ಎದುರಾಗುವ ಮೊದಲನೆಯ ಪ್ರಶ್ನೆ, "ಅನುಭವ ಎಷ್ಟು ವರ್ಷದ್ದು?" ಎಂಬುದು. ನೀರಿಗಿಳಿಯದೆ ಈಜು ಬಾರದು. ಈಜು ಬಾರದವರನ್ನು ನೀರಿಗಿಳಿಸೆವು ಎಂಬ ನ್ಯಾಯವಿದು!

ಕೊನೆಗೊಂದು ಖಾಸಗಿ ಆಸ್ಪತ್ರೆಯವರು ಕರೆದರೆನ್ನೋಣ. ಅಲ್ಲಿ ಅವಳ ಹೆಸರು ದಾದಿಯೆಂದಲ್ಲ, "ಟ್ರೈನಿ" ಎಂದು. ದುಡಿಮೆ ಪೂರ್ತಿ, ಸಂಬಳ ಅರೆ. ರಾತ್ರಿಯ ಪಾಳಿ ಹೊಸಬಳ ಪಾಲಿಗೇ ಹೆಚ್ಚು. ಇಷ್ಟು ವರ್ಷ ಬಿಟ್ಟುಹೋಗುವುದಿಲ್ಲವೆಂದು ಮುಚ್ಚಳಿಕೆ ಬರೆಯಿಸಿಕೊಂಡು, ಮೂಲ ಅಂಕಪಟ್ಟಿಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಪದ್ಧತಿಯೂ ಹಲವೆಡೆ ಕಂಡುಬಂದಿದೆ. ಅತ್ತ ಊರಿನಲ್ಲಿ ತಂದೆ ಅವಳ ವಿದ್ಯಾಭ್ಯಾಸಕ್ಕೆಂದು ಬ್ಯಾಂಕಿನಲ್ಲಿ ಮಾಡಿದ ಸಾಲದ ಕಂತು ಕಾದಿರುವುದು. ಬೇಡವೆಂದು ಹೇಳುವ ಧೈರ್ಯ ಅವಳಿಗೆಲ್ಲಿಂದ ಬರಬೇಕು?

ಆಸ್ಪತ್ರೆಯ ಮಾಲಿಕರಿಗೂ ತಮ್ಮದೊಂದು ವಾದವುಂಟು. ಕಾಲೇಜಿನಿಂದ ಬಂದವಳಿಗೆ ಆರು ತಿಂಗಳು ನಾವು ಕಲಿಸಬೇಕು. ಕೈ ಪಳಗಿದೊಡನೆ ಅವಳು ಕೊಲ್ಲಿಯ ದೇಶಗಳಿಗೆ ಹಾರುವಳು. ನಮ್ಮ ಶ್ರಮ ವ್ಯರ್ಥವೆನ್ನುವರು. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಹಾರುವುದಕ್ಕೆ ಕಾರಣ ಯಾವುದು? ಸಂಬಳವು ಸಾಲದಿರುವುದೇ ಅಲ್ಲವೆ? ಅಲ್ಲದೆ, ಕಲಿಯುವವಳೆಂದು ಸಂಬಳವನ್ನು ಕಡಿತ ಮಾಡುವವರು ಹೊಣೆಯನ್ನೂ ಕಡಮೆ ಮಾಡುವರೇ ಎಂದು ವಿಚಾರಿಸಬೇಕು. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ೫ ರೋಗಿಗಳಿಗೆ, ಬೋಧನಾಸ್ಪತ್ರೆಯಲ್ಲಿ ೩ ರೋಗಿಗಳಿಗೆ ಒಬ್ಬ ದಾದಿಯಿರತಕ್ಕದ್ದು. ಈ ಪ್ರಮಾಣವನ್ನು ಮೀರಿ ಹತ್ತಾರು ಹಾಸಿಗೆಗಳನ್ನು ಇಪ್ಪತ್ತೆರಡು ವಯಸ್ಸಿನ ಹುಡುಗಿಯೊಬ್ಬಳ ಕೈಗೊಪ್ಪಿಸಿ, ಹಿರಿಯಳೊಬ್ಬಳನ್ನೂ ಜತೆಗಿಡದೆ ಹೋದರೆ ಅದು ಶಿಕ್ಷಣವಲ್ಲ, ಅಗ್ಗದ ಕೂಲಿ. ಔಷಧದ ಪ್ರಮಾಣದಲ್ಲಿ ಒಂದು ಚುಕ್ಕಿ ತಪ್ಪಿದರೂ ನಷ್ಟವಾಗುವುದು ರೋಗಿಯ ಪ್ರಾಣವೆಂಬುದನ್ನು ಮರೆಯಲಾಗದು.

ಈ ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದ್ದಿತು. ೧೯೦೮ರಲ್ಲಿ ಸ್ಥಾಪಿತವಾದ ಭಾರತೀಯ ತರಬೇತು ದಾದಿಯರ ಸಂಘದ ಅರ್ಜಿಯ ಮೇಲೆ ನ್ಯಾಯಾಲಯವು ೨೦೧೬ರಲ್ಲಿ ಕೊಟ್ಟ ನಿರ್ದೇಶದಂತೆ ಕೇಂದ್ರ ಸರ್ಕಾರವು ಸಮಿತಿಯೊಂದನ್ನು ನೇಮಿಸಿತು. ೨೦೦ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಯು ಸರ್ಕಾರೀ ದಾದಿಗೆ ಸಮನಾದ ವೇತನವನ್ನು ಕೊಡಬೇಕು. ೧೦೦ಕ್ಕಿಂತ ಹೆಚ್ಚಿದ್ದರೆ ಶೇಕಡಾ ೧೦ಕ್ಕಿಂತಲೂ, ೫೦ರಿಂದ ೧೦೦ರ ವರೆಗಿದ್ದರೆ ಶೇಕಡಾ ೨೫ಕ್ಕಿಂತಲೂ ಕಡಮೆಯಾಗಬಾರದು. ೫೦ಕ್ಕಿಂತ ಸಣ್ಣ ಆಸ್ಪತ್ರೆಯಾದರೂ ತಿಂಗಳಿಗೆ ೨೦,೦೦೦ ರೂಪಾಯಿಗೆ ಇಳಿಯಕೂಡದೆಂದು ಆ ಸಮಿತಿಯು ಹೇಳಿತು. ಆದರೆ ಸಮಿತಿಯ ಶಿಫಾರಸು ಶಾಸನವಲ್ಲ. ಕೇರಳದ ದಾದಿಯರು ೨೦೧೭ರಲ್ಲಿ ಬೀದಿಗಿಳಿದು ಹೋರಾಡಿದ ಮೇಲೆಯೇ ಅಲ್ಲಿನ ಸರ್ಕಾರವು ೨೦೧೮ರಲ್ಲಿ ೨೦,೦೦೦ ರೂಪಾಯಿಗಳ ಮೂಲವೇತನವನ್ನು ಕಟ್ಟಳೆಯಾಗಿ ಹೊರಡಿಸಿತು. ಕೇಳದೆ ಕೊಡುವವರು ಲೋಕದಲ್ಲಿ ವಿರಳ.

ಸರ್ಕಾರೀ ಕೆಲಸಕ್ಕೆ ಯತ್ನಿಸುವವರಿಗೆ ದಾರಿ ಇಲ್ಲದಿಲ್ಲ. ದೆಹಲಿ ಮುಂತಾದೆಡೆಗಳ ಏಮ್ಸ್ ಆಸ್ಪತ್ರೆಗಳಿಗೆ ೨೦೨೦ರಿಂದ ಒಂದೇ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ನಮ್ಮ ಹುಡುಗಿಯರೂ ಹುಡುಗರೂ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಆದರೆ ಖಾಯಂ ಹುದ್ದೆ ಖಾಲಿಯಿದ್ದಲ್ಲಿಯೂ ಗುತ್ತಿಗೆಯ ದಾದಿಯರಿಂದ ವರ್ಷಾನುಗಟ್ಟಲೆ ಕೆಲಸ ತೂಗಿಸುವ ಚಾಳಿಯನ್ನು ಸರ್ಕಾರವೇ ನಡೆಯಿಸಿದರೆ ಖಾಸಗಿಯವರಿಗೆ ಬುದ್ಧಿ ಹೇಳುವ ಬಾಯಿ ಅದಕ್ಕೆ ಎಲ್ಲಿಯದು?

ವಿದೇಶದ ಆಸೆ ತೋರಿಸುವ ದಲ್ಲಾಳಿಗಳ ವಿಷಯದಲ್ಲಿ ತಂದೆತಾಯಿಗಳು ಎಚ್ಚರದಿಂದಿರತಕ್ಕದ್ದು. ಕುವೈತಿನ ಕೆಲಸಕ್ಕೆಂದು ತಲೆಗೆ ಹಲವು ಲಕ್ಷ ರೂಪಾಯಿ ಸುಲಿದ ಪ್ರಕರಣಗಳು ಹೊರಬಿದ್ದುದರಿಂದಲೇ ಕೇಂದ್ರ ಸರ್ಕಾರವು ೨೦೧೫ರಲ್ಲಿ ೧೮ ದೇಶಗಳಿಗೆ ಹೋಗುವ ದಾದಿಯರ ನೇಮಕವನ್ನು ಸರ್ಕಾರೀ ಸಂಸ್ಥೆಗಳ ಮೂಲಕ ನಡೆಯುವಂತೆ ನಿಯಮಿಸಿತು. ಬ್ರಿಟನ್ನಿಗೆ ಹೋಗಬೇಕಾದರೆ ಇಂಗ್ಲಿಷಿನ ಹಾಗೂ ವೃತ್ತಿಯ ಪರೀಕ್ಷೆಗಳನ್ನೂ, ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆಯನ್ನೂ ದಾಟಬೇಕು. ಜರ್ಮನಿಗೆ ಜರ್ಮನ್ ಭಾಷೆಯೇ ಬರಬೇಕು. ಇವನ್ನು ತಪ್ಪಿಸಿ ಕಳುಹಿಸುವೆನೆನ್ನುವವನು ವಂಚಕನೆಂದೇ ತಿಳಿಯಬೇಕು.

ಹೊಸ ದಾದಿಯರಿಗೆ ನಾವು ಹೇಳುವುದಿಷ್ಟು. ಸಂಬಳ, ಪಾಳಿ, ರಜೆಗಳನ್ನು ಕಾಣಿಸಿದ ನೇಮಕಪತ್ರವಿಲ್ಲದೆ ಕೆಲಸಕ್ಕೆ ಸೇರಬೇಡಿರಿ. ಮೂಲ ಪ್ರಮಾಣಪತ್ರಗಳನ್ನು ತೋರಿಸಿರಿ, ನಕಲನ್ನು ಕೊಡಿರಿ, ಮೂಲವನ್ನು ಬಿಟ್ಟುಬರಬೇಡಿರಿ. ಮೊದಲ ತಿಂಗಳುಗಳಲ್ಲಿ ಯಾವ ಹಿರಿಯ ದಾದಿಯ ಕೈಕೆಳಗೆ ಕೆಲಸ, ವಾರ್ಡಿನಲ್ಲಿ ರೋಗಿಗಳೆಷ್ಟು ಎಂದು ಸಂದರ್ಶನದಲ್ಲಿಯೇ ಕೇಳಿರಿ. ಹಾಗೆ ಕೇಳುವುದು ಅವಿನಯವಲ್ಲ. ಎರಡು ಕಾಸು ಕಡಮೆಯಾದರೂ ಚೆನ್ನಾಗಿ ಕಲಿಸುವ ಆಸ್ಪತ್ರೆಯು ಹೊಗಳಿಕೆಯ ದೊಡ್ಡ ಹೆಸರಿಗಿಂತ ಮೇಲು.

ನಮ್ಮ ಓದುಗರಲ್ಲಿ ಅಧಿಕಾರಿಗಳಿದ್ದಾರೆ, ಆಸ್ಪತ್ರೆಗಳ ಧರ್ಮದರ್ಶಿಗಳಿದ್ದಾರೆ. ಪರಿಷತ್ತಿನ ನೋಂದಣಿಯನ್ನು ತಡವಿಲ್ಲದೆ ಮುಗಿಸುವುದು, ಖಾಸಗಿ ಆಸ್ಪತ್ರೆಗಳ ಪರವಾನೆಯನ್ನು ನವೀಕರಿಸುವಾಗ ದಾದಿಯರ ಸಂಖ್ಯೆ ಸಂಬಳಗಳ ಪಟ್ಟಿಯನ್ನು ತರಿಸಿ ನೋಡುವುದು, ತಡೆಹಿಡಿದ ಪ್ರಮಾಣಪತ್ರಗಳನ್ನು ಹಿಂದಿರುಗಿಸುವುದು ಇವೆಲ್ಲ ಅವರ ಕೈಯಲ್ಲಿರುವ ಕಾರ್ಯಗಳು. ಮಹಾಮಾರಿಯ ಕಾಲದಲ್ಲಿ ೨೦೨೦ರ ಮಾರ್ಚಿಯಲ್ಲಿ ನಾವೆಲ್ಲರೂ ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ಚಪ್ಪಾಳೆಗೆ ಹಣ ಬೀಳುವುದಿಲ್ಲ, ಸಂಬಳಕ್ಕೆ ಬೀಳುವುದು. ಆ ಸಾಲವನ್ನು ತೀರಿಸುವ ಮೊದಲ ಕಂತು, ಇಂದು ಕಾಲೇಜಿನಿಂದ ಹೊರಬರುತ್ತಿರುವ ದಾದಿಗೆ ಮರ್ಯಾದೆಯ ಕೆಲಸವನ್ನು ಕೊಡುವುದೇ ಆಗಿರುತ್ತದೆ.