ನಿಮಗಿದು ಗೊತ್ತೇ? ಹೂವೂ ಲೆಕ್ಕ ಇಡುತ್ತದೆ, ಹಲ್ಲೂ ಲೆಕ್ಕ ಇಡುತ್ತದೆ!

ಈ ಸಾಲು ಓದುತ್ತಿರುವ ನೀವೂ ವಿಕಿರಣ ಸೂಸುತ್ತಿದ್ದೀರಿ! ಊಟದ ಜೊತೆ ಮೈಸೇರಿದ ಪೊಟ್ಯಾಸಿಯಂನಲ್ಲಿ ಒಂದು ಚೂರು ವಿಕಿರಣಶೀಲ. ಪ್ರತಿ ಸೆಕೆಂಡಿಗೆ ಅದರ ಸುಮಾರು 4,000 ಪರಮಾಣುಗಳು ನಿಮ್ಮೊಳಗೇ ಸಿಡಿಯುತ್ತಿರುತ್ತವೆ. ಗಾಬರಿ ಬೇಡ, ಎಲ್ಲರ ಮೈಯೂ ಹೀಗೇ!

ಇಷ್ಟು ಸಣ್ಣ ವಿಕಿರಣವನ್ನು ಅಳೆಯಲು ಏನು ಬೇಕಾಗಿತ್ತು ಗೊತ್ತೇ? ಮುಳುಗಿದ ಹಡಗು! 1945ರಿಂದ ನಡೆದ ಅಣುಬಾಂಬ್ ಸ್ಫೋಟಗಳ ನಂತರ ಗಾಳಿಯ ವಿಕಿರಣ ಕಣಗಳು ಹೊಸ ಉಕ್ಕಿಗೂ ಸೇರಿಕೊಂಡವು. ಹಾಗಾಗಿ 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ಮುಳುಗಿದ ಜರ್ಮನ್ ಯುದ್ಧನೌಕೆಗಳ ಹಳೆಯ ಉಕ್ಕನ್ನು ಮೇಲೆತ್ತಿ ಅಳತೆಯ ಕೋಣೆಗಳಿಗೆ ಬಳಸಿದರು!

ವಿಕಿರಣ ಎಣಿಸುವ ಗೈಗರ್ ಕೌಂಟರ್‌ನ ಗೈಗರ್ ಮೊದಮೊದಲು ಕಣ್ಣಿನಿಂದಲೇ ಎಣಿಸುತ್ತಿದ್ದರು! ಮ್ಯಾಂಚೆಸ್ಟರ್‌ನ ರುದರ್‌ಫೋರ್ಡ್ ಪ್ರಯೋಗಾಲಯದ ಕತ್ತಲಲ್ಲಿ ಕೂತು, ಕಣ್ಣು ಹೊಂದಿಕೊಂಡ ಮೇಲೆ ವಿಕಿರಣ ಕಣ ಬಡಿದಾಗ ಪರದೆಯಲ್ಲಿ ಮೂಡುವ ಒಂದೊಂದೇ ಮಿಣುಕನ್ನು ಲೆಕ್ಕ ಹಾಕಬೇಕಿತ್ತು. ಎಂಥ ತಾಳ್ಮೆ!

ಮೈ ಹೀರಿದ ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಇಡೀ ಮೈಗೆ 4 ಗ್ರೇ ವಿಕಿರಣ ಒಮ್ಮೆಲೇ ತಗುಲಿದರೆ ಜೀವಕ್ಕೇ ಅಪಾಯ. ಆದರೆ ಅದರಿಂದ ಮೈ ಬಿಸಿ ಏರುವುದು ಎಷ್ಟು? ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು! ಒಂದು ಗುಟುಕು ಬಿಸಿ ಕಾಫಿಯ ಶಾಖದಷ್ಟು ಶಕ್ತಿ, ಅಷ್ಟೇ. ಆದರೆ ಪೆಟ್ಟು ಬೀಳುವುದು ನೇರ ಡಿಎನ್‌ಎಗೆ!

ಇದಕ್ಕೂ ಜಗ್ಗದ ಜೀವಿ ಇದೆ! 1956ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಡಬ್ಬಿಯ ಮಾಂಸಕ್ಕೆ ಗಾಮಾ ಕಿರಣ ಹಾಯಿಸಿದರು. ಆದರೂ ಮಾಂಸ ಕೆಟ್ಟಿತು. ಒಳಗೆ ಬದುಕುಳಿದದ್ದು ಡೈನೋಕಾಕಸ್ ಎಂಬ ಬ್ಯಾಕ್ಟೀರಿಯ. 5,000 ಗ್ರೇ ಬಿದ್ದು ಡಿಎನ್‌ಎ ನೂರಾರು ಚೂರಾದರೂ ಕೆಲವೇ ಗಂಟೆಗಳಲ್ಲಿ ಮತ್ತೆ ಜೋಡಿಸಿಕೊಳ್ಳುತ್ತದೆ!

ಎಕ್ಸ್-ರೇಯಿಂದ ವಂಶವಾಹಿಗಳೇ ಬದಲಾಗುತ್ತವೆಂದು 1927ರಲ್ಲಿ ಜಗತ್ತಿಗೆ ತೋರಿಸಿಕೊಟ್ಟದ್ದು ಯಾವ ಪ್ರಾಣಿ ಗೊತ್ತೇ? ಕೊಳೆತ ಹಣ್ಣಿಗೆ ಮುತ್ತುವ ಪುಟ್ಟ ನೊಣ! ಪ್ರಯೋಗ ಮಾಡಿದ ಹರ್ಮನ್ ಮುಲ್ಲರ್‌ಗೆ 1946ರಲ್ಲಿ ನೊಬೆಲ್!

ಹೂವೂ ವಿಕಿರಣದ ಸುಳಿವು ಕೊಡುತ್ತದೆ! ಟ್ರೇಡೆಸ್ಕಾಂಟಿಯ ಎಂಬ ಗಿಡದ ಕೆಲವು ವಿಶೇಷ ತಳಿಗಳ ಕೇಸರದಲ್ಲಿ ನವಿರಾದ ನೀಲಿ ಕೂದಲುಗಳಿವೆ. ವಿಕಿರಣ ತಗುಲಿ ಕೆಲ ದಿನ ಕಳೆದರೆ ಅಲ್ಲಲ್ಲಿ ಗುಲಾಬಿ ಕೋಶಗಳು ಮೂಡುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಿದರೆ ಸಾಕು!

ವಿಕಿರಣ ಜೀವಿಗಳಿಗೆ ಏನು ಮಾಡುತ್ತದೆಂದು ನೋಡುವ ಕೆಲಸ ನಮ್ಮಲ್ಲೂ ನಡೆದಿದೆ. ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣದಲ್ಲಿ ಮೈಕ್ರೋಟ್ರಾನ್ ಯಂತ್ರವಿದೆ. ಅದು ಅತಿ ವೇಗದ ಎಲೆಕ್ಟ್ರಾನ್‌ಗಳನ್ನು ಹೊಮ್ಮಿಸುತ್ತದೆ. ಆ ಕಿರಣ ಜೀವಿಗಳಿಗೆ ಏನು ಮಾಡುತ್ತದೆಂಬ ಸಂಶೋಧನೆಯೂ ಅಲ್ಲಿ ನಡೆದಿದೆ!

ಎಕ್ಸ್-ರೇ ತಂತ್ರಜ್ಞರ ಎದೆಯ ಮೇಲಿನ ಬ್ಯಾಡ್ಜ್ ನೋಡಿದ್ದೀರಾ? ನಮ್ಮ ದೇಶದಲ್ಲಿ ಅದರೊಳಗಿರುವುದು ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್ ಬಿಲ್ಲೆಗಳು. ತಿಂಗಳುಗಟ್ಟಲೆ ಬಿದ್ದ ವಿಕಿರಣದ ಶಕ್ತಿಯನ್ನು ಅವು ಕೂಡಿಡುತ್ತವೆ. ಆಮೇಲೆ ಕಾಯಿಸಿದರೆ ಮಿನುಗುತ್ತವೆ! ಹೆಚ್ಚು ಮಿನುಗಿದರೆ ಹೆಚ್ಚು ಡೋಸ್!

ಬ್ಯಾಡ್ಜ್ ಹಾಕದೇ ಇದ್ದರೆ? ರಕ್ತವಿದೆಯಲ್ಲ! ರಕ್ತಕಣಗಳಲ್ಲಿ ವಿಕಿರಣದಿಂದ ತುಂಡಾದ ವರ್ಣತಂತುಗಳು ಕೆಲವೊಮ್ಮೆ ತಪ್ಪು ಜೋಡಿ ಹಿಡಿಯುತ್ತವೆ. ಆಗ ವರ್ಣತಂತುವಿನಲ್ಲಿ ಒಂದು ಸೆಂಟ್ರೋಮಿಯರ್ (ಗಂಟಿನಂಥ ಭಾಗ) ಇರಬೇಕಾದಲ್ಲಿ ಎರಡು! ಇಂಥವು ಎಷ್ಟಿವೆ ಎಂದು ಎಣಿಸಿ ಡೋಸ್ ಅಂದಾಜು ಮಾಡುತ್ತಾರೆ!

ರಕ್ತದ ಗುರುತು ವರ್ಷ ಕಳೆದಂತೆ ಮಾಸುತ್ತದೆ. ಹಲ್ಲಿನದು ಹಾಗಲ್ಲ! ಹಲ್ಲಿನ ಹೊರಪದರವಾದ ಎನಾಮಲ್ ಒಮ್ಮೆ ಬೆಳೆದ ಮೇಲೆ ಹೊಸದಾಗುವುದಿಲ್ಲ. ಹಾಗಾಗಿ ವಿಕಿರಣದ ಗುರುತು ದಶಕಗಟ್ಟಲೆ ಉಳಿಯುತ್ತದೆ. ಹಿರೋಶಿಮಾದ ಅಣುಬಾಂಬ್ ದಾಳಿಯಲ್ಲಿ ಬದುಕುಳಿದವರ ಹಲ್ಲುಗಳಿಂದಲೇ ಅವರಿಗೆ ಬಿದ್ದ ಡೋಸ್ ಅಳೆದಿದ್ದಾರೆ. ಬಾಯಿ ಸುಮ್ಮನಿದ್ದರೂ ಹಲ್ಲು ಹೇಳಿಬಿಡುತ್ತದೆ!