ಮೀನಿನ ಮನೆತನದ ಹೆಳವರು

ಮೈಯುದ್ದ ಒಂದು ಮಿಲಿಮೀಟರೂ ಇಲ್ಲ. ಸೂಕ್ಷ್ಮದರ್ಶಕದ ಕೆಳಗಿಟ್ಟಾಗಲೇ ಅದರ ವೈಭವ ಕಾಣುವುದು: ಹಿಂತುದಿಯಲ್ಲೊಂದು ತಟ್ಟೆ, ತಟ್ಟೆಯ ಮೇಲೆ ದೊಡ್ಡ ಕೊಕ್ಕೆ 4, ಅಂಚಿನ ಸುತ್ತ ಪುಟಾಣಿ ಕೊಕ್ಕೆ 14! ಇಷ್ಟು ಚಿಕ್ಕ ಹುಳುವಿಗೆ ಇಷ್ಟೊಂದು ಆಯುಧವೇ? ಬೇಕು. ಅದು ಬದುಕುವುದು ಮೀನಿನ ಕಿವಿರಿನ ಎಳೆಗಳ ಮೇಲೆ. ಅಲ್ಲಿ ನೀರಿನ ಹರಿವು ನಿಲ್ಲುವುದೇ ಇಲ್ಲ, ಹಿಡಿತ ತಪ್ಪಿದರೆ ಕಥೆ ಮುಗಿಯಿತು. ಹುಳುವಿನ ಹೆಸರು ಸಿಕ್ಲಿಡೋಗೈರಸ್. ಆಫ್ರಿಕಾದ ಸಿಕ್ಲಿಡ್ ಮೀನುಗಳೇ ಅದರ ಊರು, ಕೇರಿ, ಅನ್ನ ಎಲ್ಲ.

ಈಗ ಟ್ಯಾಂಗನೀಕಾ ಸರೋವರಕ್ಕೆ ಬನ್ನಿ. ಉದ್ದ ಸುಮಾರು 670 ಕಿಲೋಮೀಟರ್, ಆಳ ಸುಮಾರು 1,470 ಮೀಟರ್, ವಯಸ್ಸು ಕೋಟಿ ವರ್ಷದ ಆಸುಪಾಸು. ಒಳಗೆ ಇನ್ನೂರಕ್ಕೂ ಹೆಚ್ಚು ಬಗೆಯ ಸಿಕ್ಲಿಡ್‌ಗಳು, ಬಹುಪಾಲು ಲೋಕದಲ್ಲಿ ಇನ್ನೆಲ್ಲೂ ಸಿಗದವು. ಆ ಮೀನುಗಳ ಬಣ್ಣಕ್ಕೆ ಮರುಳಾದ ವಿಜ್ಞಾನಿಗಳು ಬೇಕಾದಷ್ಟು ಮಂದಿ. ಕಿವಿರು ಬಿಡಿಸಿ ನೋಡಿದವರು ಕಡಿಮೆ. ಬೆಲ್ಜಿಯಂನ ಮಾರ್ಟೆನ್ ವಾನ್‌ಹೋವ್ ಮತ್ತು ಸಂಗಡಿಗರು ನೋಡಿದರು. ಹೆಚ್ಚಾಗಿ ದಡದ ಬಂಡೆಗಳ ನಡುವೆ ಬದುಕುವ ಟ್ರೋಫಿಯೈನ್ ಗುಂಪಿನ 18 ಜಾತಿಯ ಮೀನುಗಳ ಹುಳುಗಳನ್ನು ಕೂಡಿಸಿ, ಡಿಎನ್‌ಎ ಓದಿ, ಮೀನಿನ ವಂಶವೃಕ್ಷದ ಪಕ್ಕಕ್ಕೆ ಹುಳುವಿನ ವಂಶವೃಕ್ಷ ಇಟ್ಟರು. 2015ರಲ್ಲಿ ಉತ್ತರ ಹೊರಬಿತ್ತು: ಎರಡೂ ಬಹುಮಟ್ಟಿಗೆ ತಾಳೆಯಾಗುತ್ತವೆ! ಮೀನಿನ ವಂಶ ಕವಲೊಡೆಯತೊಡಗಿದ ಕಾಲಕ್ಕೇ ಹುಳುವಿನದೂ ಕವಲೊಡೆದಿದೆ. ಒಂದು ಜಾತಿಯ ಮೀನಿನಿಂದ ಇನ್ನೊಂದಕ್ಕೆ ಹಾರಿದ್ದು ಅಪರೂಪ.

ಉತ್ತರ ಕರ್ನಾಟಕದ ಊರುಗಳಿಗೆ ಎತ್ತಿನೊಂದಿಗೆ ಬಂದು, ಅಂಗಳದಲ್ಲಿ ನಿಂತು ತಲೆಮಾರುಗಳ ಹೆಸರು ಹೇಳುವ ಹೆಳವರು ನೆನಪಾಗದೆ ಇರುತ್ತಾರೆಯೇ? ಆದರೆ ಈ ಹೆಳವ ಅಂಗಳದಲ್ಲಿ ನಿಲ್ಲುವವನಲ್ಲ. ಒಳಗೇ ಕೂತು, ಮನೆಯನ್ನೇ ಮೇಯುತ್ತ ವಂಶಾವಳಿ ಒಪ್ಪಿಸುತ್ತಾನೆ.

ವಂಶವೃಕ್ಷಗಳು ತಾಳೆಯಾಗುವುದರ ಗುಟ್ಟು ಹುಳುವಿನ ಬಾಳುವೆಯಲ್ಲಿದೆ. ಬಹಳಷ್ಟು ಪರೋಪಜೀವಿಗಳಿಗೆ ನಡುವೆ ಬಸವನಹುಳುವೋ ಹಕ್ಕಿಯೋ ಬೇಕು; ಇದಕ್ಕೆ ಒಂದೇ ಮೀನು ಸಾಕು. ಮೊಟ್ಟೆ ನೀರಿಗೆ ಬೀಳುತ್ತದೆ, ಒಡೆದು ಬಂದ ಮರಿ ಮೈಯ ಸೂಕ್ಷ್ಮ ರೋಮಗಳನ್ನು ಬಡಿಯುತ್ತ ಈಜುತ್ತದೆ, ಅದಕ್ಕಿರುವ ಆಯಸ್ಸು ತೀರ ಸ್ವಲ್ಪ. ಅಷ್ಟರಲ್ಲೇ ಕಿವಿರು ಸಿಗಬೇಕು. ತನ್ನ ಬಂಡೆ ಬಿಟ್ಟು ಕದಲದ ಮೀನಿನ ಸುತ್ತ ಸಿಗುವುದು ಹೆಚ್ಚಾಗಿ ಅದೇ ಮೀನಿನ ಬಂಧುಬಳಗ. ಹೀಗೆ ಲಕ್ಷಾಂತರ ವರ್ಷ.

ಹಾಗಾದರೆ ದಡ ಬಿಟ್ಟು ದೂರ ತಿರುಗುವ ಮೀನಿನ ಗತಿ? ಅದೇ ಸರೋವರದ ಆಳದ ನೀರಿನಲ್ಲಿ ಬ್ಯಾಥಿಬೇಟಿಸ್ ಎಂಬ ಬೇಟೆಗಾರ ಸಿಕ್ಲಿಡ್‌ಗಳಿವೆ. ನಿಕೋಲ್ ಕ್ಮೆಂಟೋವಾ ಮತ್ತು ಜೊತೆಯವರು 2016ರಲ್ಲಿ ತೋರಿಸಿದ್ದು: ಹಲವು ಜಾತಿಗಳ ಕಿವಿರಿನಲ್ಲಿ ಒಂದೇ ಹುಳು, ಸಿಕ್ಲಿಡೋಗೈರಸ್ ಕ್ಯಾಸುವಾರಿನಸ್! ಅಷ್ಟಗಲ ನೀರಿನಲ್ಲಿ ಮೀನು ಎದುರಾಗುವುದೇ ಅಪರೂಪವಾದಾಗ ಇಂಥದ್ದೇ ಬೇಕೆಂದು ಹಟ ಹಿಡಿದ ಮರಿಗೆ ಉಳಿಗಾಲವಿಲ್ಲ. ಮೀನು ಮನೆ ಹಿಡಿದು ಕೂತಿತ್ತೋ ಅಲೆಯುತ್ತಿತ್ತೋ ಎಂಬುದೂ ಹುಳುವಿನಿಂದಲೇ ತಿಳಿಯುತ್ತದೆ ಎಂದಾಯಿತಲ್ಲ! ನನಗಂತೂ ವಂಶವೃಕ್ಷ ತಾಳೆಯಾದದ್ದಕ್ಕಿಂತ ಈ ತಾಳೆಯಾಗದ್ದೇ ಹೆಚ್ಚು ರೋಮಾಂಚನ ತಂದದ್ದು.

ಯುರೋಪಿನ ನದಿಗಳಲ್ಲಿ ಇನ್ನೊಂದು ಚಮತ್ಕಾರ. ಅಲ್ಲಿನ ರೋಚ್ ಮೀನು ನಮ್ಮ ರೋಹು, ಕಾಟ್ಲಾಗಳ ದೂರದ ನೆಂಟ. ಕಿವಿರಿನ ಹುಳು ಡ್ಯಾಕ್ಟಿಲೋಗೈರಸ್ ಇವಕ್ಕೂ ಉಂಟು, ನಮ್ಮ ಮೀನು ಸಾಕುವವರಿಗೆ ಅದು ಬರೀ ಪೀಡೆ. ರೋಚ್‌ನ ಕಿವಿರಿನಲ್ಲೋ ಒಂದಲ್ಲ, ಹಲವು ಜಾತಿಯ ಡ್ಯಾಕ್ಟಿಲೋಗೈರಸ್‌ಗಳು. ಆಂಡ್ರಿಯಾ ಶಿಮ್ಕೋವಾ ಮತ್ತು ಸಹೋದ್ಯೋಗಿಗಳು 2004ರಲ್ಲಿ ಇಂಥ ಹುಳುಗಳ ವಂಶ ಬಿಡಿಸಿದಾಗ ಕಂಡದ್ದು, ಮೀನಿನ ವಂಶ ಕವಲೊಡೆಯದೆಯೇ ಹುಳುವಿನದು ಕವಲೊಡೆದಿದೆ, ಅದೂ ಹೆಚ್ಚಾಗಿ ಒಂದೇ ಜಾತಿಯ ಮೀನಿನೊಳಗೆ. ಅಕ್ಕಪಕ್ಕದಲ್ಲೇ ಬದುಕಿಯೂ ಅವು ಬೆರೆತು ಒಂದಾಗದಿರುವುದು ಹೇಗೆ? ಕಿವಿರಿನ ಒಂದೇ ಜಾಗ ಹಂಚಿಕೊಳ್ಳುವ ಜಾತಿಗಳಲ್ಲಿ ಕೂಡುವ ಅಂಗದ ಆಕಾರ, ಅಳತೆ ಒಂದಕ್ಕೊಂದು ತೀರ ಬೇರೆ. ದೂರದೂರ ಇರುವವುಗಳಲ್ಲಿ ಅಷ್ಟು ವ್ಯತ್ಯಾಸವಿಲ್ಲ.